ಒಂಬತ್ತು ಸಾವಿರದ ಕೆಲಸ

ರಂಜಿತಳ ಸಿಟ್ಟು ನೆತ್ತಿಗೇರಿದ್ದು ಒಂದು ಸೋರೆಕಾಯಿಯ ದೆಸೆಯಿಂದ.

ಬೆಳಿಗ್ಗೆ ಐದಕ್ಕೆ ಫೋನು ಬಂತೆಂದು ಕಾಫಿಯನ್ನೂ ಕುಡಿಯದೆ ಹೋದ ಗಂಡ ಉಮಾಶಂಕರ್, ಮಧ್ಯಾಹ್ನ ಎರಡು ಹೊಡೆದ ಮೇಲೆ ತಿಗನಾರೆಯ ಮನೆಗೆ ಬಂದ. ಅಂಗಿಯ ತೋಳೆಲ್ಲ ಸಗಣಿ, ಮುಖದ ತುಂಬ ನಗು, ಬೈಕಿನ ಹಿಂದೆ ಗೊಬ್ಬರದ ಚೀಲದಲ್ಲಿ ಮೊಳದುದ್ದದ ಸೋರೆಕಾಯಿ. ಯಾರದೋ ಎಮ್ಮೆಗೆ ಕರು ಅಡ್ಡ ಸಿಕ್ಕಿಕೊಂಡಿತ್ತಂತೆ. ಎರಡು ಗಂಟೆ ಮಂಡಿಯೂರಿ ಕೂತು ತಿರುಗಿಸಿ ತೆಗೆದನಂತೆ. ತಾಯಿ ಕರು ಎರಡೂ ಉಳಿದವಂತೆ. ಅದಕ್ಕೆ ಸೋರೆಕಾಯಿ.

"ದುಡ್ಡು ಎಷ್ಟು ಕೊಟ್ರು?" ಅಂದಳು ರಂಜಿತ.

"ಕೊಡಕ ಅವ್ರತ್ರ ಏನದ, ಪಾಪ. ನಾಳ ಗಿಣ್ಣು ಕಳಿಸ್ತೀವಿ ಅಂದವ್ರೆ."

"ಸೋರೆಕಾಯಿ, ಗಿಣ್ಣು! ಮೇಘನ ಸ್ಕೂಲ್ ವ್ಯಾನಿಗ ಸೋರೆಕಾಯಿ ಇಸ್ಕತಾರ? ಡ್ರೈವರ್ನ ಒಂದ್ ಮಾತು ಕೇಳ್ಕಂಡು ಬನ್ನಿ, ನಾಳಿಂದ ಎಲ್ಡು ಸೋರೆಕಾಯಿ ಕೊಡವ."

ಉಮಾಶಂಕರ್ ನಕ್ಕ. ಅವನ ದೊಡ್ಡ ರೋಗವೇ ಅದು. ಬೈದರೂ ನಗುತ್ತಿದ್ದ.

ಅವನೇನು ಓದಿದ ಡಾಕ್ಟರಲ್ಲ. ಹಾಲಿನ ಸಂಘದಲ್ಲಿ ದನಗಳಿಗೆ ಸಿನೆ ಊಸಿ, ಅಂದರೆ ಗಬ್ಬದ ಸೂಜಿ, ಹಾಕುವ ಕೆಲಸ. ಹಸು ಬೆದೆಗೆ ಬಂತು ಅಂತ ಫೋನು ಬಂದರೆ ಹೋಗಿ ಸೂಜಿ ಹಾಕಬೇಕು, ಗಬ್ಬ ನಿಂತಿತೋ ಇಲ್ಲವೋ ನೋಡಬೇಕು, ತಿಂಗಳಿಗೆ ಒಂಬತ್ತು ಸಾವಿರ ಎಣಿಸಿಕೊಳ್ಳಬೇಕು. ಕರು ಹಾಕಿಸು ಅಂತ ಸಂಘ ಅವನಿಗೆ ಹೇಳಿರಲಿಲ್ಲ, ಅದಕ್ಕೆ ಕಾಸೂ ಕೊಡುತ್ತಿರಲಿಲ್ಲ. ಆದರೆ ಡಾಕ್ಟರು ಇರುವುದು ತಾಳವಾಡಿಯಲ್ಲಿ, ದನ ನರಳುವುದು ತಿಗನಾರೆಯಲ್ಲಿ. ಹೀಗೆ ಹದಿಮೂರು ವರ್ಷದಲ್ಲಿ ಅವನು ಸುತ್ತಿನ ಹಳ್ಳಿಗಳಿಗೆಲ್ಲ 'ಡಾಕ್ಟ್ರು' ಆಗಿಬಿಟ್ಟಿದ್ದ. ಅವನು ಕೈಹಾಕಿ ತೆಗೆದ ಕರುವಿನ ಮನೆಯಿಂದ ಮಾರನೇ ದಿನ ಒಂದು ಚೊಂಬು ಗಿಣ್ಣುಹಾಲು ಬರಲೇಬೇಕು, ಅದು ಆ ಜನ ತಾವೇ ಮಾಡಿಕೊಂಡ ರಿವಾಜು. ಈ ಮನೆಯಲ್ಲಿ ಗಿಣ್ಣಿಗೆ ಬರವೆಂಬುದೇ ಇರಲಿಲ್ಲ. ಬರವಿದ್ದದ್ದು ಮಿಕ್ಕದ್ದಕ್ಕೆಲ್ಲ.

ರಂಜಿತ ಮೊದಲಿಂದ ಹೀಗಿದ್ದವಳಲ್ಲ, ಅದನ್ನೂ ಹೇಳಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ಈ ಮನೆಯ ಕೊಟ್ಟಿಗೆಯಲ್ಲೇ ಒಂದು ಹೆಣ್ಣು ಕರು ಹುಟ್ಟಿತು. ಉಸಿರು ಇತ್ತೋ ಇಲ್ಲವೋ, ಬಿದ್ದಲ್ಲೇ ಬಿದ್ದಿತ್ತು. ಅತ್ತೆ ಶಿವನಂಜಮ್ಮ ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದರು. ಉಮಾಶಂಕರ್ ಕರುವಿನ ಹಿಂಗಾಲು ಹಿಡಿದು ತಲೆಕೆಳಗಾಗಿ ಎತ್ತಿ ಲೋಳೆ ಸುರಿಸಿದ. ಮೂಗಿನ ಹೊಳ್ಳೆಗೆ ಹುಲ್ಲುಕಡ್ಡಿ ಆಡಿಸಿದ. ಗೋಣಿಚೀಲದಲ್ಲಿ ಎದೆ ತಿಕ್ಕಿದ. ಯಾವುದಕ್ಕೂ ಬಗ್ಗದಿದ್ದಾಗ ತನ್ನ ಬಾಯಿಯನ್ನೇ ಅದರ ಮೂಗಿಗಿಟ್ಟು ಊದಿದ. ಕರು ಸೀನಿತು. ಮುಖದ ತುಂಬ ಲೋಳೆ ಮೆತ್ತಿಕೊಂಡು ಅವನು ಹೊಸ ಹೆಂಡತಿಯ ಕಡೆ ತಿರುಗಿ ನಕ್ಕಾಗ ಅವಳಿಗೆ ವಾಕರಿಕೆಯೂ ಬಂತು, ಎಂಥ ಗಂಡ ಸಿಕ್ಕಿದ ಅಂತ ಹೆಮ್ಮೆಯೂ ಆಯಿತು. ಆ ಕರುವೇ ಈಗಿನ ಕೆಂಪಿ. ಈಗ ಅದಕ್ಕೆ ಏಳು ತಿಂಗಳ ಗಬ್ಬ. ವಾಕರಿಕೆ ಹಾಗೇ ಉಳಿದಿತ್ತು, ಹೆಮ್ಮೆ ಎಂದೋ ಸವೆದುಹೋಗಿತ್ತು.

ಸೋರೆಕಾಯಿ ಬಂದ ವಾರವೇ ರಂಜಿತಳ ಅಣ್ಣ ವೃಷಭೇಂದ್ರನೂ ಬಂದ. ತಾಳವಾಡಿಯಲ್ಲಿ ಅವನದು ಹಿಂಡಿ, ಬೂಸ, ಫೀಡಿನ ಅಂಗಡಿ. ಮಾತಿನಲ್ಲೂ ಅಂಗಡಿಯವನೇ.

"ಬಾವ, ಒಂದ್ ಕಂಪ್ನೀಲಿ ಜಾಗ ಅದ. ಗುಡ್ಡದ ಮ್ಯಾಲ ಅವ್ರದು ಅದ್ನೆಂಟು ಶೆಡ್ಡವ. ದಿನಾ ಓಗಿ ನೋಡ್ಕಳದು, ಸೂಪರ್‌ವೈಸರ್ ಕೆಲ್ಸ. ಇಪ್ಪತ್ತೆರಡು ಸಾವ್ರ. ಪೆಟ್ರೋಲ್ ಬ್ಯಾರೆ."

"ಏನ್ ಶೆಡ್ಡಪ್ಪ?" ಅಂದರು ಉಮಾಶಂಕರನ ಅಪ್ಪ ಸಿದ್ದಮಲ್ಲಪ್ಪ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಎದೆಯ ಮೇಲೆ ಲಿಂಗದ ಕರಡಿಗೆ, ದಿನಕ್ಕೆ ನಾಲ್ಕೇ ಮಾತಿನ ಮನುಷ್ಯ.

"ಕೋಳೀದು ಮಾವ."

"ಶಿವಶಿವಾ!" ಅಂದರು ಶಿವನಂಜಮ್ಮ. "ನಾವು ಲಿಂಗ ಕಟ್ದೋರು ಕಣಪ್ಪ. ಬಾಯಲ್ಲಿ ಆ ಎಸ್ರು ಎತ್ತಲ್ಲ."

"ನಾನೂ ಲಿಂಗ ಕಟ್ದೋನೆ ಅತ್ತೆ. ಅಂಗ್ಡೀಲಿ ಅದ್ರ ಫೀಡು ಮಾರಲ್ವ? ತಿನ್ನು ಅಂದವ್ರ ಯಾರಾರ? ದೂರ ನಿಂತ್ಕಂಡು ಬರ್ಕಳದು ಅಷ್ಟೇಯ."

ಶಿವನಂಜಮ್ಮ ಸೆರಗು ಸರಿಮಾಡಿಕೊಂಡರು. ಆಮೇಲೆ ಮೆತ್ತಗೆ ಕೇಳಿದರು, "ಇಪ್ಪತ್ತೆರಡಾ?"

"ನಂಗ ಬ್ಯಾಡ ಬಾವ," ಅಂದ ಉಮಾಶಂಕರ್. "ನನ್ ಕೆಲ್ಸ ನಂಗ ಇಷ್ಟ. ನಾ ಓದ್ರ ಜನ ಎದ್ದು ನಿಂತ್ಕತಾರ. ದನ ನನ್ ದನಿ ಕೇಳುದ್ರ ತಿರುಗಿ ನೋಡ್ತವ."

"ಇಷ್ಟ ಅನ್ನದ್ನ ಇಟ್ಟಿನ್ ಜೊತ ನೆಂಚ್ಕಂಡು ಉಣ್ಣಕಾಯ್ತದ?" ಅಂದಳು ರಂಜಿತ.

ವೃಷಭೇಂದ್ರ ಹೊಟ್ಟೆ ಹಿಡಿದುಕೊಂಡು ನಕ್ಕ. ಅತ್ತೆ ಅವನಿಗಿಂತ ಜೋರಾಗಿ ನಕ್ಕರು. "ಸರ್ಯಾಗೇಳ್ದ ಕಣಮ್ಮಿ! ಒಂಬತ್ ಸಾವ್ರದ ಕೆಲ್ಸವೂ ಒಂದ್ ಕೆಲ್ಸವ? ಒಲಕ ಕೂಲಿಗೋಗೋ ಎಂಗಸ್ರು ದುಡೀತಾರ ಅಷ್ಟ!" ಉಮಾಶಂಕರನೂ ನಕ್ಕ, ಆದರೆ ಈ ಸಲ ಅವನ ನಗು ಹೊರಡುವುದಕ್ಕೆ ಸ್ವಲ್ಪ ತಡವಾಯಿತು.

ಅಲ್ಲಿಂದ ರಂಜಿತ ಶುರುಮಾಡಿದಳು ನೋಡಿ. ಜಗಳವಾಡಲಿಲ್ಲ. ಸೋರೆಕಾಯಿ ಬೇಯಿಸಿದಳು. ಸೋಮವಾರ ಸೋರೆಕಾಯಿ ಸಾರು, ಮಂಗಳವಾರ ಸೋರೆಕಾಯಿ ಪಲ್ಯ, ಬುಧವಾರ ಮತ್ತೆ ಸಾರು. ಉಳಿದ ತುಂಡು ಬಾಡಿ ಕಹಿಯಾಗಿತ್ತು, ಗುರುವಾರ ಅದನ್ನೂ ಹಾಕಿದಳು.

"ಅಮ್ಮ, ಬರೀ ಸೋರೆಕಾಯಾ?" ಎಂಟು ವರ್ಷದ ಮೇಘ ತಟ್ಟೆ ತಳ್ಳಿದಳು.

"ನಿಮ್ಮಪ್ಪನ ಸಂಬ್ಳ ಅದೇಯ ಕೂಸೆ. ಉಣ್ಣು."

ವ್ಯಾನಿನವನಿಗೆ ಇನ್ನು ಬರಬೇಡ ಅಂದುಬಿಟ್ಟಳು. ತಾಳವಾಡಿಯ ಸ್ಕೂಲಿಗೆ ಮಗಳನ್ನು ಅಪ್ಪನೇ ಬೈಕಿನಲ್ಲಿ ಬಿಡಲಿ. ಮೂರನೇ ದಿನವೇ ದಾರಿಯಲ್ಲಿ ಫೋನು ಬಂತು. ಅವನು ಯೂನಿಫಾರಮ್ಮಿನ ಮಗುವನ್ನು ಯಾರದೋ ಕೊಟ್ಟಿಗೆಯ ಮುಂದೆ ಮುಕ್ಕಾಲು ಗಂಟೆ ನಿಲ್ಲಿಸಿಕೊಂಡು, ಆಮೇಲೆ ಅದೇ ಕೈಯಲ್ಲಿ ಎತ್ತಿ ಬೈಕಿಗೆ ಕೂರಿಸಿ ಕರೆದೊಯ್ದ. ಸಂಜೆ ಮೇಘ ಅಳುತ್ತ ಬಂದಳು. ಕ್ಲಾಸಿನಲ್ಲಿ ಯಾರೋ ಮೂಗು ಮುಚ್ಚಿಕೊಂಡರಂತೆ.

ಆ ರಾತ್ರಿ ಊಟಕ್ಕೆ ಕೂತಾಗ ಮಗು ಅಪ್ಪನ ಮುಖ ನೋಡಿ ಕೇಳಿತು, "ಅಪ್ಪ, ನಿಂಗ ನನ್ಗಿಂತ ಅಸೂನೇ ಇಷ್ಟವಾ?"

ಮಗುವಿಗೆ ಆ ಮಾತು ಹೇಳಿಕೊಟ್ಟವಳು ರಂಜಿತಳೇ. ಹೇಳಿಕೊಟ್ಟಾಗ ಚಂದವಾಗಿ ಕಂಡಿತ್ತು. ಉಮಾಶಂಕರ್ ಮುದ್ದೆಯ ಮೇಲಿದ್ದ ಕೈ ತೆಗೆದ. ನಗಲಿಲ್ಲ. ಹೊರಗೆ ಹೋಗಿ ವೃಷಭೇಂದ್ರನಿಗೆ ಫೋನು ಮಾಡಿದ.

ಅವನ ಜಾಗಕ್ಕೆ ಸಂಘ ಮಣಿಕಂಠ ಅಂತ ಇಪ್ಪತ್ತೆರಡು ವರ್ಷದ ಹುಡುಗನನ್ನು ಹಾಕಿತು. ಉಮಾಶಂಕರ್ ಒಂದು ವಾರ ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮನೆಮನೆಗೆ ತೋರಿಸಿ ಬಂದ. ಯಾವ ಹಸು ಒದೆಯುತ್ತದೆ, ಯಾವುದು ಹಾಯುತ್ತದೆ, ಯಾವುದು ಹೆಸರು ಹಿಡಿದು ಕರೆದರೆ ನಿಲ್ಲುತ್ತದೆ, ಎಲ್ಲ ಹೇಳಿಕೊಟ್ಟ. ಸೂಜಿ ಹಾಕುವುದನ್ನು ಹುಡುಗ ಬೇಗ ಕಲಿತ. ಕರು ತೆಗೆಯುವುದನ್ನು ಒಂದು ವಾರದಲ್ಲಿ ಯಾರು ಕಲಿತಾರು?

ಹೊಸ ಕೆಲಸದ ಮೊದಲ ದಿನ ನೀಲಿ ಅಂಗಿ ತೊಟ್ಟು ಹೊರಟ ಮಗನಿಗೆ ಶಿವನಂಜಮ್ಮ ದೃಷ್ಟಿ ತೆಗೆದರು. ಸಂಜೆ ಅವನು ಬಂದು ಜಗಲಿ ಹತ್ತುವಷ್ಟರಲ್ಲಿ ಅದೇ ಶಿವನಂಜಮ್ಮ ಮೂಗಿಗೆ ಸೆರಗು ಒತ್ತಿಕೊಂಡು ಕೂಗಿದರು, "ಅಲ್ಲೇ ನಿಂತ್ಕಪ್ಪ! ಇತ್ಲ ಕಡಿಂದ ಓಗು. ಬಚ್ಚಲತ್ರ ನೀರದ. ಬಟ್ಟ ಅಲ್ಲೇ ಬುಟ್ಬುಡು."

ಮೊದಮೊದಲು ಸ್ನಾನವಾದ ಮೇಲೆ ಒಳಗೆ ಬಿಟ್ಟುಕೊಳ್ಳುತ್ತಿದ್ದರು. ಎರಡನೇ ವಾರ, ಅಡುಗೆಮನೆಗೆ ಬೇಡ ಅಂದರು. ಮೂರನೇ ವಾರ ಅವನ ತಟ್ಟೆ ಲೋಟ ಬೇರೆಯಾಗಿ ಜಗಲಿಯ ಗೂಡಿಗೆ ಬಂದವು. ತಿಂಗಳು ತುಂಬುವ ಹೊತ್ತಿಗೆ ಇನ್ನೊಂದು ಮಾತು ಹೇಳಿದರು. ಅದನ್ನು ಹೇಳುವಾಗ ಅವರಿಗೂ ನಾಲಿಗೆ ತೊಡರಿತು.

"ಲಿಂಗಕ ಆ ವಾಸ್ನ ಯಾಕಪ್ಪ? ಕೆಲ್ಸಕೋಗವಾಗ ಬಿಚ್ಚಿ ಗೂಡಲ್ಲಿಟ್ಟೋಗು. ಭಾನ್ವಾರ ಕಟ್ಕಂಡ್ರಾಯ್ತು."

ಸಿದ್ದಮಲ್ಲಪ್ಪ ತಲೆಯೆತ್ತಿದರು. "ಲಿಂಗ ಬಿಚ್ಚದು ಎಣವಾದಾಗ್ಲೂ ಇಲ್ಲ ಕಣ್ಲೇ. ಮಣ್ಣಿಗೂ ಕಟ್ಕಂಡೇ ಓಗದು."

"ಅಂಗಾರ ಕೆಲ್ಸ ಬುಡುಸಿ! ಇಪ್ಪತ್ತೆರಡು ಸಾವ್ರ ನೀವ್ ತನ್ನಿ!"

ಉಮಾಶಂಕರ್ ಕೊರಳಿಗೆ ಕೈಹಾಕಿ, ಮೂವತ್ತಾರು ವರ್ಷದಿಂದ ಮೈಮೇಲಿದ್ದ ಕರಡಿಗೆಯನ್ನು ಬಿಚ್ಚಿ, ತನ್ನ ತಟ್ಟೆಯ ಪಕ್ಕದ ಗೂಡಿನಲ್ಲಿಟ್ಟ. ರಂಜಿತ ಬಾಗಿಲಲ್ಲಿ ನಿಂತು ನೋಡಿದಳು. ಇದು ಅತಿಯಾಯಿತು ಅಂತ ಅವಳಿಗೆ ಅನ್ನಿಸಿತು. ಆದರೆ ಅವತ್ತು ಬೆಳಿಗ್ಗೆ ತಾನೇ ಮೊದಲ ಸಂಬಳ ಬಂದಿತ್ತು. ಮೇಘ ವ್ಯಾನಿನಲ್ಲಿ ಸ್ಕೂಲಿಗೆ ಹೋಗಿದ್ದಳು, ಮನೆಗೆ ಮಿಕ್ಸಿ ಬಂದಿತ್ತು. ಬಾಯಿ ತೆರೆದರೆ ಏನೇನು ಹೋದೀತೋ ಅಂತ ಮುಚ್ಚಿಕೊಂಡಳು.

ಶಿವನಂಜಮ್ಮ ಮಾತ್ರ ಊರಲ್ಲೆಲ್ಲ, "ನನ್ ಮಗ ಕಂಪ್ನೀಲಿ ಆಫೀಸರ್ರು" ಅನ್ನುತ್ತ ತಿರುಗಿದರು. ಯಾವ ಕಂಪನಿ ಅಂತ ಕೇಳಿದವರ ಮನೆಗೆ ಮತ್ತೆ ಹೋಗಲಿಲ್ಲ.

ಆ ಮೊದಲ ವಾರಗಳಲ್ಲಿ ಉಮಾಶಂಕರ್ ಸರಿಯಾಗಿ ಉಣ್ಣಲಿಲ್ಲ. ಮುದ್ದೆ ಮುರಿದು ಸಾರಿನಲ್ಲಿ ಆಡಿಸಿ ಎದ್ದುಬಿಡುತ್ತಿದ್ದ. ಯಾಕೆ ಅಂತ ರಂಜಿತಳಿಗೆ ತಿಳಿದದ್ದು, ಅವನು ಬುತ್ತಿ ಮರೆತುಹೋದ ಒಂದು ದಿನ. ಅಣ್ಣನ ಫೀಡಿನ ಟೆಂಪೋ ಹಾಸನೂರಿನ ಗುಡ್ಡದ ಶೆಡ್ಡುಗಳ ಕಡೆ ಹೊರಟಿತ್ತು, ಹತ್ತಿಕೊಂಡು ಹೋದಳು. ಶೆಡ್ಡಿನ ಜಾಲರಿಯ ಹೊರಗಿಂದಲೇ ಅವನು ಕಾಣಿಸಿದ. ದೂರ ನಿಂತು ಬರೆದುಕೊಳ್ಳುತ್ತಿರಲಿಲ್ಲ. ಮರಿಗಳ ನಡುವೆ ಕುಕ್ಕರಗಾಲಲ್ಲಿ ಕೂತಿದ್ದ. ಒಂದನ್ನು ಎತ್ತುತ್ತಿದ್ದ, ಹೆಬ್ಬೆರಳಲ್ಲಿ ರೆಪ್ಪೆ ಸರಿಸಿ ಕಣ್ಣು ನೋಡುತ್ತಿದ್ದ, ಕಾಲು ಹಿಸುಕುತ್ತಿದ್ದ. ಬೆಳೆಯುವುದಾದರೆ ಕೆಳಗೆ ಬಿಡುತ್ತಿದ್ದ. ಬೆಳೆಯದ್ದಾದರೆ ಕತ್ತಿಗೆ ಎರಡು ಬೆರಳಿಟ್ಟು ಒಂದು ತಿರುವು, ಪಕ್ಕದ ಬಕೆಟ್ಟಿಗೆ.

ಶೆಡ್ಡಿನಲ್ಲಿ ಕೆಲಸಕ್ಕಿದ್ದ ಸೋಲಿಗರ ಚಿಕ್ಕಸಿದ್ದ ಬಕೆಟ್ಟು ಹಿಡಿದುಕೊಂಡು ನಿಂತಿದ್ದ. "ಇದಿನ್ನೂ ಉಸುರಾಡ್ತದ ಸಾರ್," ಅಂದ.

"ನಿಲ್ಲಲ್ಲ. ಫೀಡು ದಂಡ," ಅಂದ ಉಮಾಶಂಕರ್.

ರಂಜಿತ ಬುತ್ತಿಯನ್ನು ಚಿಕ್ಕಸಿದ್ದನ ಕೈಗೆ ಕೊಟ್ಟು ಅದೇ ಟೆಂಪೋದಲ್ಲಿ ವಾಪಸು ಬಂದಳು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅವತ್ತು ರಾತ್ರಿ ಅವನು ಎರಡು ಮುದ್ದೆ ಉಂಡ. ಒಗ್ಗಿಹೋಯಿತಲ್ಲ ಸದ್ಯ, ಅಂದುಕೊಂಡಳು ಪುಣ್ಯಾತ್ಗಿತ್ತಿ.

ಮತ್ತೊಂದು ವಾರಕ್ಕೆ ಹಿಂದಿನ ಬೀದಿಯ ಪುಟ್ಟನಂಜಮ್ಮ ಓಡೋಡಿ ಬಂದಳು. ದೀಪ ಹಚ್ಚುವ ಹೊತ್ತು, ಉಮಾಶಂಕರ್ ಜಗಲಿಯಲ್ಲಿ ಊಟಕ್ಕೆ ಕೂತಿದ್ದ.

"ಡಾಕ್ಟ್ರಪ್ಪ, ನನ್ ಅಸ ಒದ್ದಾಡ್ತದ ಕಣಪ್ಪ. ಮಣಿಕಂಠ ಫೋನೇ ಎತ್ತಲ್ಲ. ಬಂದ್ಬುಡಪ್ಪ."

ಅವನು ತಟ್ಟೆಯಲ್ಲೇ ಕೈ ತೊಳೆದು ಎದ್ದ. ರಂಜಿತ ಅಡ್ಡ ಬಂದಳು. "ಎಲ್ಲಿಗ? ನಾಳ ಐದ್ ಗಂಟಗ ಲಾರಿ ಬತ್ತದ ಅಂದ್ರಲ್ಲ. ಸಂಘದೋರು ಮಣಿಕಂಠಂಗ ಸಂಬ್ಳ ಕೊಡ್ತರ, ನಿಮ್ಗಲ್ಲ."

"ಒಂದ್ ಗಳಿಗ ಓಗಿ ಬತ್ತೀನಿ."

"ಓಗಿ. ಆ ಸೋರೆಕಾಯಿ ಸಂಬ್ಳನೇ ಇಸ್ಕಂಡು ಬನ್ನಿ, ಮೇಘಂಗ ನಾನೇಳ್ತೀನಿ."

ಅವನು ಹೆಂಡತಿಯ ಮುಖವನ್ನೇ ನೋಡಿದ. ಆಮೇಲೆ ಪುಟ್ಟನಂಜಮ್ಮನ ಕಡೆ ತಿರುಗಿ, "ಮಣಿಕಂಠಂಗ ಇನ್ನೊಂದ್ ಸಲ ಮಾಡಿ ನೋಡಕ್ಕ," ಅಂದು ಕೂತ. ಪುಟ್ಟನಂಜಮ್ಮನ ಹಸು ಉಳಿಯಿತು, ಕರು ಉಳಿಯಲಿಲ್ಲ. ಮಾರನೇ ದಿನ ಅವಳು ಈ ಮನೆಯ ಮುಂದೆಯೇ ಹಾದುಹೋದಳು. ಕತ್ತು ತಿರುಗಿಸಲಿಲ್ಲ.

ಕೆಂಪಿಗೆ ನೋವು ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಉಮಾಶಂಕರ್ ಮನೆಯಲ್ಲೇ ಇದ್ದ. ತಲೆಗೆ ನೀರು ಹಾಕಿಕೊಂಡು ಜಗಲಿಯಲ್ಲಿ ಕೂತು ಫೋನು ನೋಡುತ್ತಿದ್ದ. ಕೊಟ್ಟಿಗೆಯಿಂದ ಕೆಂಪಿ ಕೂಗಿದ ಕೂಗಿಗೆ ಫೋನು ಕೆಳಗಿಟ್ಟು ಎದ್ದ. ಹಳೆಯ ಉಮಾಶಂಕರನೇ ಎದ್ದ ಹಾಗೆ ಎದ್ದ, ರಂಜಿತ ಕಣ್ಣಾರೆ ಕಂಡಳು.

ಶಿವನಂಜಮ್ಮ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತರು. "ನೀ ಬ್ಯಾಡಪ್ಪ."

"ಯಾಕವ್ವ?"

"ಬಸವ ಉಟ್ಟೋ ಜಾಗ ಕಣ. ಆ ಕೈಲಿ ಮುಟ್ಬ್ಯಾಡ."

"ಸ್ನಾನ ಮಾಡಿವ್ನಿ ಕಣವ್ವ."

"ಮಾಡುದ್ರ ಕೈ ಬ್ಯಾರೆ ಆಯ್ತದ?"

ರಂಜಿತ ಒಂದು ಮಾತು ಆಡಬಹುದಿತ್ತು. ಆಡಿದಳು ಕೂಡ. "ಮಣಿಕಂಠಂಗ ಫೋನ್ ಮಾಡುದ್ರಾಯ್ತು, ಬುಡಿ," ಅಂದಳು.

ಉಮಾಶಂಕರ್ ತನ್ನ ಎರಡೂ ಕೈಗಳನ್ನು ಹಿಂದುಮುಂದು ತಿರುಗಿಸಿ ನೋಡಿಕೊಂಡ. ಹೋಗಿ ಜಗಲಿಯಲ್ಲಿ ಕೂತ.

ಮಣಿಕಂಠ ಬರುವುದಕ್ಕೆ ಒಂದು ಗಂಟೆ ಹಿಡಿಯಿತು. ಬಂದವನು ಕೈಗೆ ಎಣ್ಣೆ ಸವರಿಕೊಂಡು ಒಳಗೆ ಹೋದ. ಕೆಂಪಿ ನೆಲಕ್ಕೆ ಬಿದ್ದು ಕೂಗತೊಡಗಿತು. "ಅಣ್ಣ, ಒಂದೇ ಕಾಲು ಸಿಕ್ತದ, ಇನ್ನೊಂದ್ ಕಾಣ!" ಅಂತ ಹುಡುಗ ಒಳಗಿಂದಲೇ ಅರಚಿದ.

"ಇಂದಕ ಮಡ್ಚ್ಕಂಡದ," ಅಂದ ಉಮಾಶಂಕರ್ ಕೂತಲ್ಲಿಂದಲೇ. "ಎಳೀಬ್ಯಾಡ. ಮೊದ್ಲು ಕರೂನ ಒಳಕ ತಳ್ಳು, ಆಮ್ಯಾಲ ಕಾಲು ನೆಟ್ಗ ಮಾಡ್ಕ."

ಹುಡುಗನಿಗೆ ಕೇಳಿಸಿತೋ, ಗಾಬರಿಗೆ ಕೇಳಿಸಲಿಲ್ಲವೋ, ಎಳೆದ. ಎಳೆದೇ ಎಳೆದ. ಅರ್ಧ ಗಂಟೆಯ ಮೇಲೆ ಬೆವರು ಸುರಿಸಿಕೊಂಡು ಹೊರಗೆ ಬಂದು, "ನನ್ ಕೈಲಾಗಲ್ಲಣ್ಣ," ಅಂತ ಅಳುವ ಹಾಗೆ ನಿಂತ. ಕೆಂಪಿ ಕೂಗುವುದನ್ನೂ ನಿಲ್ಲಿಸಿತ್ತು.

ಸಿದ್ದಮಲ್ಲಪ್ಪ ಕೋಲು ನೆಲಕ್ಕೆ ಕುಟ್ಟಿದರು. "ಮಡಿ ಸಾಕು ಕಣ್ಲೇ ಶಿವನಂಜಿ! ಅಡ್ಡ ಬುಡು! ಓಗ್ಲಾ ಮಗ, ಓಗು!"

ಶಿವನಂಜಮ್ಮ ಪಕ್ಕಕ್ಕೆ ಸರಿದರು. ಉಮಾಶಂಕರ್ ಒಳಗೆ ಹೋದ. ತಳ್ಳಿದ, ತಿರುಗಿಸಿದ, ಕಾಲು ಹಿಡಿದು ನೆಟ್ಟಗೆ ಮಾಡಿದ. ಎಷ್ಟು ಹೊತ್ತು ಅಂತೀರಿ, ಹತ್ತು ನಿಮಿಷವೂ ಇಲ್ಲ. ಕರು ಹುಲ್ಲಿನ ಮೇಲೆ ಜಾರಿ ಬಿತ್ತು. ಒದ್ದೆ ಮೈ, ನೀಲಿ ನಾಲಿಗೆ. ಹೊಟ್ಟೆಯ ಹತ್ತಿರ ಎಲ್ಲೋ ಒಂದು ಸಲ ಅದುರಿತು.

"ಉಸುರದ! ಉಸುರದ ಕಣಪ್ಪ!" ಶಿವನಂಜಮ್ಮ ಮಂಡಿಯೂರಿ ಕೂತರು.

ಉಮಾಶಂಕರ್ ಕರುವಿನ ತಲೆ ಎತ್ತಿದ. ಹೆಬ್ಬೆರಳಲ್ಲಿ ರೆಪ್ಪೆ ಸರಿಸಿ ಕಣ್ಣು ನೋಡಿದ. ಮುಂಗಾಲನ್ನು ಎರಡು ಬೆರಳಲ್ಲಿ ಹಿಸುಕಿದ. ರಂಜಿತ ಒಂದು ಹೆಜ್ಜೆ ಮುಂದೆ ಬಂದಳು. ಈ ನೋಟ ಎಲ್ಲಿಯದು ಅಂತ ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

"ಗಂಡು," ಅಂದ. "ನಿಲ್ಲಲ್ಲ. ಆಲು ದಂಡ."

ತಲೆಯನ್ನು ಹುಲ್ಲಿನ ಮೇಲೆ ಬಿಟ್ಟು ಕೆಂಪಿಯ ಕಡೆ ತಿರುಗಿದ. ಅದಕ್ಕೆ ಮಾಡಬೇಕಾದ್ದನ್ನೆಲ್ಲ ಶಿಸ್ತಾಗಿ ಮಾಡಿದ. ಮಾಸು ಬೀಳಿಸಿದ, ಬಿಸಿನೀರು ಕುಡಿಸಿದ, ಕೆಚ್ಚಲು ಮುಟ್ಟಿ ನೋಡಿದ. ಮಣಿಕಂಠ ಕರುವಿನ ಹಿಂಗಾಲಿಗೆ ಕೈಹಾಕಲು ಹೋದ.

"ಬುಡ್ಲಾ. ಸುಮ್ನ ಟೈಮ್ ವೇಸ್ಟು," ಅಂದ ಉಮಾಶಂಕರ್. ಹುಡುಗ ಗುರುವಿನ ಮಾತು ಕೇಳಿ ಕೈ ತೆಗೆದ.

"ನಿನ್ ಕಾಲಿಗ್ ಬೀಳ್ತೀನಿ ಕಣಪ್ಪ," ಶಿವನಂಜಮ್ಮ ಗೋಳಾಡಿದರು. "ತಪ್ಪಾಯ್ತು ಅಂತೀನಿ. ಇದ್ರವ್ವನ್ನ ಎತ್ತಿ ಬದುಕ್ಸಿದ್ಯಲ್ಲ ಅವತ್ತು? ಮೂಗ್ಗ ಊದಿ, ಕಡ್ಡಿ ಆಡ್ಸಿ... ಅಂಗೇ ಮಾಡಪ್ಪ ಒಂದ್ಸಲ!"

ಉಮಾಶಂಕರ್ ಕೈ ತೊಳೆಯುತ್ತಿದ್ದ. ಸಿಟ್ಟಿರಲಿಲ್ಲ, ಚುಚ್ಚುವ ದನಿಯಲ್ಲ. ಬಸ್ಸಿನ ಹೊತ್ತು ಹೇಳಿದ ಹಾಗೆ ಹೇಳಿದ.

"ಅದು ಒಂಬತ್ ಸಾವ್ರದ ಕೆಲ್ಸ ಕಣವ್ವ."

ರಂಜಿತ ಗೋಣಿಚೀಲ ಎಳೆದುಕೊಂಡು ಕರುವಿನ ಪಕ್ಕ ಬಿದ್ದಳು. ಎದೆ ತಿಕ್ಕಿದಳು. ಹುಲ್ಲುಕಡ್ಡಿ ಮುರಿದು ಹೊಳ್ಳೆಗೆ ಹಾಕಿದಳು. ಹತ್ತು ವರ್ಷದ ಹಿಂದೆ ನೋಡಿದ್ದು ಕಣ್ಣಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಎತ್ತಲು ಹೋದರೆ ಜಾರಿತು. ಕಡೆಗೆ ವಾಕರಿಕೆ ನುಂಗಿ ತನ್ನ ಬಾಯಿಯನ್ನೇ ಅದರ ಮೂಗಿಗಿಟ್ಟು ಊದಿದಳು. "ಬನ್ನಿ ಅಂದ್ರೆ! ಎಂಗ್ ಮಾಡದು ಏಳಿ! ನಿಮ್ಮನ್ನೇ ಕೇಳ್ತಿರದು!" ಅಂತ ಕಿರುಚಿದಳು. ಕರು ಮೂರು ಸಲ ಉಸಿರಾಡಿತು. ನಾಲ್ಕನೆಯದಕ್ಕೆ ಅವಳು ಕಾಯುತ್ತಲೇ ಕೂತಳು. ತಲೆಯೆತ್ತಿ ನೋಡಿದಾಗ ಅವಳ ಗಂಡ ಜಗಲಿಯಲ್ಲಿ ಮಣಿಕಂಠನಿಗೆ ಕಾಫಿ ಕುಡಿಯಲು ಹೇಳುತ್ತಿದ್ದ.

ಮಾರನೇ ದಿನ ಕೆಂಪಿಯ ಕೆಚ್ಚಲು ಬಿಗಿದು ಕಲ್ಲಾಯಿತು. ಕರೆಯದೆ ವಿಧಿಯಿರಲಿಲ್ಲ. ಪಾತ್ರೆ ತುಂಬ ಹಳದಿ ಗಿಣ್ಣುಹಾಲು, ಕುಡಿಯುವ ಬಾಯಿಲ್ಲ. ಎರಡು ತಿಂಗಳ ಮೇಲೆ ಈ ಮನೆಗೆ ಬಂದ ಮೊದಲ ಗಿಣ್ಣು ಅದು. "ಚೆಲ್ಬುಡಮ್ಮಿ," ಅಂದರು ಶಿವನಂಜಮ್ಮ. ರಂಜಿತಳಿಗೆ ಚೆಲ್ಲುವುದಕ್ಕೂ ಕೈ ಬರಲಿಲ್ಲ. ಬೆಲ್ಲ ಏಲಕ್ಕಿ ಹಾಕಿ ಬೇಯಿಸಿ ಇಟ್ಟಳು. ಅತ್ತೆ ಮುಟ್ಟಲಿಲ್ಲ. ಮಾವ ಆ ಕಡೆ ನೋಡಲಿಲ್ಲ. ಮೇಘ, "ನಂಗ ಬ್ಯಾಡ, ಅದು ಕರೂದು," ಅಂದಳು.

ಸಂಜೆ ಉಮಾಶಂಕರ್ ಬಂದ. ಯಾರೂ ಹೇಳದೆಯೇ ಹಿತ್ತಲಿಗೆ ಹೋಗಿ ಸ್ನಾನ ಮಾಡಿ ಬಂದ. ಜಗಲಿಯಲ್ಲಿ ಕೂತು ಫೋನು ತೆಗೆದು ಹೆಂಡತಿಗೆ ತೋರಿಸಿದ.

"ನನ್ ಲೈನಿನ ಶೆಡ್ಡಲ್ಲೇ ಫೀಡು ಕಮ್ಮಿ ಕರ್ಚಾಗಿರದಂತ. ಬರೋ ತಿಂಗ್ಳಿಂದ ಮೂರು ಸಾವ್ರ ಜಾಸ್ತಿ. ಸಾಕಾ?"

ರಂಜಿತ ಫೋನಿನತ್ತ ನೋಡದೆ ಸೆರಗಿಗೆ ಕೈ ಒರೆಸಿಕೊಂಡಳು.

ಶಿವನಂಜಮ್ಮ ಒಳಗಿಂದ ಬಂದರು. ಒಂದೇ ದಿನದಲ್ಲಿ ಮುದುಕಿ ಇಳಿದುಹೋಗಿದ್ದರು. ಗೂಡಿನ ಕಡೆ ನೋಡಿದರು. ಲಿಂಗದ ಕರಡಿಗೆ ಧೂಳು ಹಿಡಿದು ಕೂತಿತ್ತು. ನಿನ್ನೆ ಭಾನುವಾರವೂ ಅವನು ಅದನ್ನು ಕಟ್ಟಿಕೊಂಡಿರಲಿಲ್ಲ.

"ಒಳಕ ಬಾಪ್ಪ," ಅಂದರು. "ಲಿಂಗ ಕಟ್ಕ. ಅಡ್ಗಮನೇಲೇ ಕೂತ್ಕಂಡು ಉಣ್ಣು. ನಾ ಏನೂ ಅನ್ನಲ್ಲ."

"ಇಲ್ಲೇ ಸರಿಯದ ಕಣವ್ವ." ಅವನು ಗೂಡಿನಿಂದ ತನ್ನ ತಟ್ಟೆ ತಾನೇ ತೆಗೆದುಕೊಂಡು ಮುಂದಿಟ್ಟುಕೊಂಡು ಹೆಂಡತಿಯ ಕಡೆ ತಿರುಗಿದ. "ಏನ್ ಮಾಡಿದ್ದೀಯ? ಗಿಣ್ಣಿನ ವಾಸ್ನ ಬತ್ತದ."

ರಂಜಿತ ಪಾತ್ರೆ ತಂದು ಒಂದು ತುಂಡು ಹಾಕಿದಳು. ಮುರಿದು ಬಾಯಿಗಿಟ್ಟುಕೊಂಡ. ಅಗಿಯುತ್ತಾನೆ, ಕಣ್ಣು ಮುಚ್ಚುತ್ತಾನೆ, ಹಿಂದೆಲ್ಲ ಹೇಗೆ ತಿನ್ನುತ್ತಿದ್ದನೋ ಹಾಗೇ ತಿನ್ನುತ್ತಾನೆ. ಕೊಟ್ಟಿಗೆಯಲ್ಲಿ ಕೆಂಪಿ ಕರುವನ್ನು ಕರೆಯುತ್ತಿತ್ತು. ಹಳೆಯ ದನಿ ಕೇಳಿದ್ದಕ್ಕೋ ಏನೋ, ಇನ್ನೂ ಜೋರಾಗಿ ಕರೆಯಿತು. ಅವನು ಆ ಕಡೆ ತಿರುಗಲಿಲ್ಲ.

"ಬೆಲ್ಲ ಸ್ವಲ್ಪ ಕಮ್ಮಿಯಾಗದ," ಅಂದು ತಟ್ಟೆ ಮುಂದಕ್ಕೆ ನೂಕಿದ. "ಇನ್ನೊಂದ್ ತುಂಡು ಆಕು."

ರಂಜಿತ ಹಾಕಿದಳು.